ಶನಿವಾರ ಹೊಳೆಗೆ, ಭಾನುವಾರ ಕಡಲಿಗೆ

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಗೋಕರ್ಣಕ್ಕೆ ಹೊರಡುವ ಸ್ಲೀಪರ್ ಬಸ್ಸುಗಳಲ್ಲಿ ಸೀಟು ಸಿಗುವುದು ಕಷ್ಟ. ಪಂಚಗಂಗಾ ಎಕ್ಸ್‌ಪ್ರೆಸ್ ರೈಲಿನದೂ ಅದೇ ಕಥೆ. ಹೆಚ್ಚುಕಡಿಮೆ ಐನೂರು ಕಿಲೋಮೀಟರ್ ದಾರಿ ಒಂದು ನಿದ್ದೆಯಲ್ಲಿ ಸವೆಯುತ್ತದೆ. ಬೆಳಗ್ಗೆ ಕಣ್ಣುಬಿಟ್ಟರೆ ತೆಂಗಿನ ತೋಟ, ಉಪ್ಪುಗಾಳಿ. ಇಬ್ಬರು ಸ್ನೇಹಿತರು ಬೆನ್ನಿಗೊಂದೊಂದು ಚೀಲ ಹಾಕಿಕೊಂಡು ಬಂದಿಳಿದರೆ ಅವರ ಎರಡು ದಿನ ಹೇಗೆ ಕಳೆಯುತ್ತದೆ ಎಂಬುದನ್ನು ಈಗ ಯಾರು ಬೇಕಾದರೂ ಹೇಳಬಹುದು: ಕುಡ್ಲೆಯಲ್ಲಿ ರೂಮು, ಓಂ ಬೀಚಿನಲ್ಲಿ ಮಧ್ಯಾಹ್ನ, ಹಾಫ್ ಮೂನ್ ದಾಟಿ ಪ್ಯಾರಡೈಸ್‌ವರೆಗೆ ಗುಡ್ಡದ ಕಾಲುದಾರಿ, ಸೂರ್ಯಾಸ್ತದ ಫೋಟೋ, ಹೊರಡುವ ಮುನ್ನ ಮಹಾಬಲೇಶ್ವರನ ದರ್ಶನ, ಭಾನುವಾರ ರಾತ್ರಿ ಮತ್ತೆ ಬಸ್ಸು. ಇದರಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಊರಿನ ಅರ್ಧಭಾಗ, ನನ್ನ ಪ್ರಕಾರ ಹೆಚ್ಚು ಮುಖ್ಯವಾದ ಅರ್ಧಭಾಗ, ಇದರೊಳಗೆ ಬರುವುದೇ ಇಲ್ಲ. ಇರುವ ಎರಡು ದಿನಗಳಲ್ಲಿ ಶನಿವಾರವನ್ನು ಅಘನಾಶಿನಿ ಹೊಳೆಯ ಅಳಿವೆಗೆ ಕೊಡಬೇಕು, ಕಡಲು ಭಾನುವಾರಕ್ಕಿರಲಿ ಎಂಬುದು ನನ್ನ ವಾದ. ಹಾಗೆ ಮಾಡಿದರೆ ಕಡಲೇ ಇನ್ನಷ್ಟು ಅರ್ಥವಾಗುತ್ತದೆ. ಊರಿನ ಮುಂದಿನ ದಿನಗಳಿಗೂ ಅದರಿಂದ ಒಳಿತಿದೆ.

ನಕ್ಷೆ ಬಿಡಿಸಿ ನೋಡಿದರೆ ಗೋಕರ್ಣ ಎರಡು ಹೊಳೆಗಳ ನಡುವೆ ಉಳಿದ ತುಂಡು ನೆಲ. ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ, ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಊರಿನ ದಕ್ಷಿಣಕ್ಕೆ ಜಂಬಿಟ್ಟಿಗೆಯ ಗುಡ್ಡಗಳು ಒಂದರ ಹಿಂದೊಂದು ಕಡಲಿಗೆ ತೋಳು ಚಾಚಿವೆ. ಎರಡು ತೋಳುಗಳ ನಡುವಿನ ಕೊಲ್ಲಿಯಲ್ಲಿ ಮರಳು ನಿಂತು ಕುಡ್ಲೆಯಾಗಿದೆ, ಮುಂದಿನದರಲ್ಲಿ ಓಂ, ಅದರಾಚೆ ಹಾಫ್ ಮೂನ್, ಕೊನೆಗೆ ಪ್ಯಾರಡೈಸ್. ಈ ಬೀಚುಗಳು ಒಂದಕ್ಕೊಂದು ಕಾಣದಂತೆ ಅಡಗಿ ಕೂತಿರುವುದಕ್ಕೂ, ಕಾಲ್ನಡಿಗೆಯಲ್ಲೇ ತಲುಪಬೇಕಿದ್ದ ಏಕಾಂತ ಅವಕ್ಕೆ ಬಹಳ ಕಾಲ ಉಳಿದಿದ್ದಕ್ಕೂ ಆ ಗುಡ್ಡಗಳೇ ಕಾರಣ. ಜಂಬಿಟ್ಟಿಗೆಗೆ ಲ್ಯಾಟರೈಟ್ ಎಂಬ ವೈಜ್ಞಾನಿಕ ಹೆಸರು ಕೊಟ್ಟ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಇದೇ ಗೋಕರ್ಣದ ಮೂಲಕ ಹಾದು ಹೋಗಿದ್ದ. ದೇವಸ್ಥಾನದ ಜೊತೆಗೆ ಬೆಳೆ, ಮಣ್ಣು, ಕಂದಾಯ ಎಲ್ಲವನ್ನೂ ಬರೆದುಕೊಳ್ಳುವುದು ಅವನ ಪದ್ಧತಿ. ಪ್ಯಾರಡೈಸ್‌ವರೆಗೆ ನಡೆದು ಬೆವರೊರೆಸಿಕೊಂಡು ಮರಳುವವರು ಆ ಗುಡ್ಡದ ಆಚೆ ಏನಿದೆ ಎಂದು ಕೇಳುವುದು ಅಪರೂಪ. ಆಚೆ ಇರುವುದು ಬೇಲೆಕಾನ್, ತದಡಿ ಬಂದರು, ಮತ್ತು ಹಿನ್ನೀರಿನ ಅಗಲವಾದ ಹರವು. ಇಡೀ ಪ್ರದೇಶ ಯಾವುದರಿಂದ ಬದುಕುತ್ತಿದೆಯೋ ಅದರ ಬಾಗಿಲಿಗೆ ಬಂದು ಪ್ರವಾಸಿಗರು ವಾಪಸಾಗುತ್ತಾರೆ.

ಅಘನಾಶಿನಿ ಹುಟ್ಟುವುದು ಶಿರಸಿಯ ಸೀಮೆಯಲ್ಲಿ. ಸುಮಾರು 120 ಕಿಲೋಮೀಟರ್ ಹರಿದು, ನಡುವೆ ಉಂಚಳ್ಳಿಯಲ್ಲಿ 116 ಮೀಟರ್ ಕೆಳಕ್ಕೆ ಧುಮುಕಿ, ಕುಮಟಾ ತಾಲೂಕಿನಲ್ಲಿ ಕಡಲು ಸೇರುತ್ತದೆ. ಇಷ್ಟು ದಾರಿಯಲ್ಲಿ ಅದಕ್ಕೆ ಒಂದು ದೊಡ್ಡ ಅಣೆಕಟ್ಟೂ ಇಲ್ಲ. ಪಶ್ಚಿಮಘಟ್ಟದಿಂದ ಇಳಿಯುವ ಹೊಳೆಯ ಬಗ್ಗೆ ಇಂದು ಈ ಮಾತು ಹೇಳುವುದು ಸಣ್ಣ ಸಂಗತಿಯಲ್ಲ. ಪಕ್ಕದ ಶರಾವತಿಯನ್ನೇ ನೋಡಿ. 1964ರಲ್ಲಿ ಲಿಂಗನಮಕ್ಕಿ ಬಂತು, ಆಮೇಲೆ ಗೇರುಸೊಪ್ಪೆ. ವಿದ್ಯುತ್ ಉತ್ಪಾದಿಸಿದ ಸಿಹಿನೀರು ಬಿರುಬೇಸಿಗೆಯಲ್ಲೂ ಹರಿದು ಬರುವುದರಿಂದ ಹೊನ್ನಾವರದ ಅಳಿವೆಯಲ್ಲಿ ಉಪ್ಪಿನಂಶ ತಗ್ಗಿದೆ. ಉಪ್ಪು ನಂಬಿದ ಚಿಪ್ಪುಜೀವಿಗಳು ಅಲ್ಲಿ ಅಘನಾಶಿನಿಯಷ್ಟು ಉಳಿದಿಲ್ಲ. ಎರಡೂ ಅಳಿವೆಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಎತ್ತಿ ತೋರಿಸಿದ ವ್ಯತ್ಯಾಸವಿದು. ಅಘನಾಶಿನಿಯಲ್ಲಿ ಮಳೆಗಾಲಕ್ಕೆ ಸಿಹಿನೀರು, ಬೇಸಿಗೆಗೆ ಉಪ್ಪುನೀರು, ನಡುವಿನ ತಿಂಗಳುಗಳಲ್ಲಿ ಎರಡರ ಬೆರಕೆ ಎಂಬ ಹಳೆಯ ಲೆಕ್ಕ ಇನ್ನೂ ತಪ್ಪಿಲ್ಲ. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಗೋಕರ್ಣದ ರಥಬೀದಿಯಿಂದ ಬಾಡಿಗೆ ಸ್ಕೂಟರಿನಲ್ಲಿ ಹೋಗಿ ಮುಟ್ಟಬಹುದಾದ ಜಾಗ ಅದು.

ಶನಿವಾರದ ಮೊದಲ ನಿಲುಗಡೆ ಸಾಣಿಕಟ್ಟೆಯ ಉಪ್ಪಿನ ಆಗರ. ರಸ್ತೆಯಿಂದ ನೋಡುವಾಗ ಕನ್ನಡಿ ಜೋಡಿಸಿಟ್ಟಂತೆ ಕಾಣುವ ಚೌಕಗಳಲ್ಲಿ ನಡೆಯುವುದು ಬಲು ಸೂಕ್ಷ್ಮದ ಕೆಲಸ. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಉಬ್ಬರದಲ್ಲಿ ನುಗ್ಗಿದ ನೀರನ್ನು ಮೊದಲು ದೊಡ್ಡ ಹೊಂಡದಲ್ಲಿ ಹಿಡಿದು, ಬಿಸಿಲಿಗೆ ಮಂದವಾಗುತ್ತ ಬಂದಂತೆ ಒಂದು ಅಂಕಣದಿಂದ ಇನ್ನೊಂದಕ್ಕೆ ಹಾಯಿಸುತ್ತಾರೆ. ನೀರು ಮೂಲದ ಹತ್ತರಲ್ಲೊಂದು ಪಾಲಿಗೆ ಇಳಿಯುವವರೆಗೂ ಅಡುಗೆಯ ಉಪ್ಪು ಹರಳುಗಟ್ಟುವುದಿಲ್ಲ. ಅಷ್ಟರೊಳಗೆ ಸುಣ್ಣದ ಅಂಶ, ಜಿಪ್ಸಂ ತಳ ಸೇರಿಬಿಡಬೇಕು. ತೀರಾ ತಡಮಾಡಿದರೆ ಮೆಗ್ನೀಸಿಯಂ ಲವಣ ಬೆರೆತು ಉಪ್ಪು ಕಹಿಯಾಗುತ್ತದೆ. ಇವೆರಡರ ನಡುವಿನ ಹೊತ್ತು ಹಿಡಿಯುವುದೇ ಕಸುಬು. ಕೊನೆಯ ಅಂಕಣದ ತಳವನ್ನು ಕಾಲಿನಲ್ಲಿ ತುಳಿದು ಗಟ್ಟಿ ಮಾಡಿರುತ್ತಾರೆ. ಉದ್ದ ಹಿಡಿಯ ಮರದ ಹಲಗೆಯಿಂದ ಉಪ್ಪು ಎಳೆಯುವಾಗ ಕೈ ಒಂದಿಷ್ಟು ಹೆಚ್ಚು ಒತ್ತಿದರೆ ಮಣ್ಣು ಏಳುತ್ತದೆ, ಕಡಿಮೆಯಾದರೆ ಉಪ್ಪು ಅಲ್ಲೇ ಉಳಿಯುತ್ತದೆ. ಹರಳು ಅಂಗಡಿಯ ಪ್ಯಾಕೆಟ್ಟಿನ ಪುಡಿಯಂತಲ್ಲ. ದಪ್ಪ, ಸ್ವಲ್ಪ ಮಣ್ಣುಬಣ್ಣ. ಉತ್ತರ ಕನ್ನಡದ ಆಗೇರ ಸಮುದಾಯಕ್ಕೆ ಇದು ತಲೆತಲಾಂತರದ ವಿದ್ಯೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಕಾನೂನು ಮುರಿದಾಗ ಈ ಸೀಮೆಯ ಜನ ಗುಂಪುಗುಂಪಾಗಿ ಬಂದು ಸೇರಿದ್ದರಲ್ಲಿ ಆಶ್ಚರ್ಯವಿಲ್ಲ. ಅವರ ಪಾಲಿಗೆ ಉಪ್ಪು ಯಾವುದೋ ತತ್ತ್ವದ ಸಂಕೇತವಾಗಿರಲಿಲ್ಲ. ಕಣ್ಣೆದುರಿನ ದುಡಿಮೆಯಾಗಿತ್ತು, ಅದರ ಮೇಲೆ ಬ್ರಿಟಿಷ್ ಸರ್ಕಾರ ತೆರಿಗೆ ಹಾಕಿತ್ತು.

ಆಗರ ದಾಟಿದರೆ ಗಜನಿ. ಅಳಿವೆಯ ಅಂಚಿನಲ್ಲಿ ಕಟ್ಟೆ ಕಟ್ಟಿ ಬಿಡಿಸಿಕೊಂಡ ಗದ್ದೆಗಳಿವು. ಸಮುದ್ರದ ಮಟ್ಟಕ್ಕೆ ಹೆಚ್ಚುಕಡಿಮೆ ಸಮನಾಗಿಯೇ ಇರುತ್ತವೆ. ಇಲ್ಲಿ ಬೆಳೆಯುವ ಭತ್ತ ಕಗ್ಗ. ಮುಂಗಾರಿನ ಮೊದಲ ಮಳೆಗಳು ನೆಲದ ಉಪ್ಪನ್ನು ತೊಳೆದ ಮೇಲೆ ಬೀಜ ಮೊಳೆಯುತ್ತದೆ. ನಾಟಿ ಇಲ್ಲ, ಕಳೆ ತೆಗೆಯುವ ರಗಳೆ ಇಲ್ಲ, ಗೊಬ್ಬರ ಕೊಡುವುದಿಲ್ಲ. ಹೊಳೆ ತಂದ ಹೂಳೇ ಗೊಬ್ಬರ. ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ಕೊಳೆಯುವುದಿಲ್ಲ, ನೀರು ಏರಿದಂತೆ ತಾನೂ ಎತ್ತರವಾಗುತ್ತದೆ, ಸ್ವಲ್ಪ ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುತ್ತದೆ. ಮಳೆ ಮುಗಿದು ಕೊಯ್ಲಾದ ಮೇಲೆ ಕಟ್ಟೆಯ ತೂಬಿನ ಹಲಗೆ ಎತ್ತಿ ಉಬ್ಬರದ ನೀರನ್ನು ಒಳಕ್ಕೆ ಬಿಡುತ್ತಾರೆ. ಗದ್ದೆಯಲ್ಲಿ ಉಳಿದ ಹುಲ್ಲಿನ ಬುಡ ಕೊಳೆತು ಮೀನಿಗೆ, ಸಿಗಡಿಗೆ ಆಹಾರವಾಗುತ್ತದೆ. ಅವುಗಳ ಬೆನ್ನಿಗೆ ಹಕ್ಕಿಗಳ ಹಿಂಡು. ಒಂದೇ ನೆಲ ಆರು ತಿಂಗಳು ಅನ್ನ ಕೊಟ್ಟು ಇನ್ನಾರು ತಿಂಗಳು ಮೀನು ಕೊಡುತ್ತದೆ. 1990ರ ದಶಕದಲ್ಲಿ ಸಿಗಡಿ ಕೃಷಿಯ ಲಾಭ ನಂಬಿ ಬಹಳಷ್ಟು ಗಜನಿ ಕೈಬಿಟ್ಟು ಹೋಯಿತು. ರೋಗ ಬಂದು ಸಿಗಡಿಯೂ ನಿಲ್ಲಲಿಲ್ಲ, ಅಷ್ಟರಲ್ಲಿ ಕಟ್ಟೆಗಳು ಒಡೆದಿದ್ದವು. ಮಾಣಿಕಟ್ಟೆಯಂಥ ಊರುಗಳ ರೈತರು ಒಟ್ಟಾಗಿ ಕಟ್ಟೆ ಕಾಯ್ದು ಕಗ್ಗವನ್ನು ಉಳಿಸಿಕೊಂಡಿದ್ದಾರೆ. ಒಬ್ಬನ ತುಂಡು ಕಟ್ಟೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು ನುಗ್ಗುವ ಜಾಗದಲ್ಲಿ ಒಬ್ಬೊಬ್ಬರೇ ಬೇಸಾಯ ಮಾಡುವುದು ಸಾಧ್ಯವೇ ಇಲ್ಲ. ಸಮುದ್ರ ಏರುತ್ತಿರುವ ಈ ಕಾಲದಲ್ಲಿ ಉಪ್ಪು ಮತ್ತು ನೆರೆ ಎರಡನ್ನೂ ತಾಳುವ ಭತ್ತ ಎಷ್ಟು ಅಮೂಲ್ಯ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬಳಚು ಎಂಬ ಚಿಪ್ಪುಜೀವಿ. ಇಳಿತದ ಹೊತ್ತಿಗೆ ಅಳಿವೆಯ ನಡುವೆ ಮರಳದಿಬ್ಬಗಳು ಮೇಲೇಳುತ್ತವೆ. ಹೆಂಗಸರು, ಗಂಡಸರು ದೋಣಿಯಲ್ಲಿ ಬಂದಿಳಿದು ಸೊಂಟಮಟ್ಟದ ನೀರಿನಲ್ಲಿ ಕೈಯಿಂದಲೇ ತಡಕಿ ಬಳಚು ಹೆಕ್ಕುತ್ತಾರೆ. ಬಲೆಯಿಲ್ಲದವರಿಗೂ ಯಂತ್ರದೋಣಿಯಿಲ್ಲದವರಿಗೂ ದಿನದ ಖರ್ಚಿಗೆ ಒದಗುವ ಕಸುಬು ಅದು. ಕುಮಟಾ, ಅಂಕೋಲೆಯ ಮನೆಗಳ ಸಾರಿಗೆ, ಗೋವೆಯ ಮಾರುಕಟ್ಟೆಗೆ ಹೋಗುವ ಬಳಚಿನಲ್ಲಿ ಇಲ್ಲಿಯದು ಬಹಳ. ಓಂ ಬೀಚಿನ ಹೋಟೆಲಿನಲ್ಲಿ ತಟ್ಟೆಗೆ ಬರುವ ಮೀನಿನ ಕಥೆಯೂ ಬಹುಪಾಲು ಇಲ್ಲಿಂದಲೇ ಶುರುವಾಗುತ್ತದೆ. ಕಡಲಿನ ಎಷ್ಟೋ ಜಾತಿಯ ಮೀನು, ಸಿಗಡಿ ಮರಿಯಾಗಿದ್ದಾಗ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ನಡುವೆ ಬೆಳೆದು, ಬಲಿತ ಮೇಲೆ ಹೊರಗೆ ಹೋಗುತ್ತವೆ. ಹಿಡಿಯುವುದು ಕಡಲಲ್ಲಿ, ಮರಿಯಾಗಿ ಬೆಳೆಯುವುದು ಹೊಳೆಯಲ್ಲಿ. ಅಳಿವೆ ನೋಡದೆ ಕಡಲು ಅರ್ಥವಾಗುವುದಿಲ್ಲ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಇದಿಷ್ಟೂ ಸರಿ, ಪ್ರವಾಸಿಗ ಅದನ್ನು ಹೋಗಿ ನೋಡಿದರೆಷ್ಟು ಬಿಟ್ಟರೆಷ್ಟು ಎಂದು ಕೇಳಬಹುದು. ಬಹಳ ಎಂಬುದಕ್ಕೆ ತದಡಿಯೇ ಸಾಕ್ಷಿ. ಈ ಅಳಿವೆಯ ದಂಡೆಗೆ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುವುದಿತ್ತು. ದೊಡ್ಡ ವಾಣಿಜ್ಯ ಬಂದರಿನ ಯೋಜನೆಯೂ ಬಂತು. ಘಟ್ಟದ ಮೇಲಿನಿಂದ ಅಘನಾಶಿನಿಯ ನೀರನ್ನು ವೇದಾವತಿಯ ಕಡೆಗೆ ತಿರುಗಿಸುವ ಪ್ರಸ್ತಾಪದ ವಿರುದ್ಧ ಶಿರಸಿಯ ಜನ ಬೀದಿಗಿಳಿದಿದ್ದಾರೆ. ಪ್ರತಿ ಸಲವೂ ದಂಡೆಯ ಹಳ್ಳಿಗರು, ಮೀನುಗಾರರು, ಬೆರಳೆಣಿಕೆಯ ವಿಜ್ಞಾನಿಗಳು ಮತ್ತು ಪರಿಸರ ಕಾರ್ಯಕರ್ತರು ಲೆಕ್ಕ ಹಿಡಿದು ವಾದಿಸಬೇಕಾಯಿತು, ಸ್ಥಾವರ ಬರಲಿಲ್ಲ. ವರ್ಷವರ್ಷವೂ ಇಲ್ಲಿಗೆ ಬಂದು ಹೋಗುವ ಅಷ್ಟೊಂದು ಜನರಿಗೆ ಆ ವಾದದ ಗಂಧಗಾಳಿ ಇರಲಿಲ್ಲ. ಕಡಲತೀರಕ್ಕೆ ಕಸ ಬಿದ್ದರೆ ಫೋಟೋ ಹಾಕಿ ಸಿಟ್ಟಾಗುವವರಿದ್ದಾರೆ, ಅದು ಒಳ್ಳೆಯದೇ. ಹೊಳೆ ಬತ್ತಿದರೆ, ಅಳಿವೆಯಲ್ಲಿ ಹೂಳೆತ್ತಿದರೆ ಸಿಟ್ಟಾಗಬೇಕಾದರೆ ಮೊದಲು ಅಲ್ಲೊಂದು ಅಳಿವೆ ಇದೆ ಎಂದು ಗೊತ್ತಿರಬೇಕು. ಬೀಚು ಎಂದಷ್ಟೇ ಹೆಸರಾದ ಊರಿನ ಬಗ್ಗೆ ಸರ್ಕಾರ ಯೋಚಿಸುವುದೂ ಬೀಚಿನ ಲೆಕ್ಕದಲ್ಲೇ: ರಸ್ತೆ, ಪಾರ್ಕಿಂಗು, ರೆಸಾರ್ಟು. ಬೆಂಗಳೂರಿನ ಮತದಾರನೊಬ್ಬ ಕಗ್ಗದ ಗದ್ದೆಯ ಬದಿಯಲ್ಲಿ ಒಂದು ಗಂಟೆ ನಿಂತಿದ್ದರೆ ಮುಂದಿನ ಯೋಜನೆಯ ಸುದ್ದಿಯನ್ನು ಅವನು ಓದುವ ರೀತಿಯೇ ಬೇರೆಯಾಗುತ್ತದೆ.

ಮೊದಲ ಆಕ್ಷೇಪ ಸುಸ್ತಿನದು. “ಎರಡೇ ದಿನ ಸಿಕ್ಕಿರೋದು, ಅದರಲ್ಲೂ ಉಪ್ಪಿನ ಗದ್ದೆ ನೋಡ್ಕೊಂಡು ತಿರುಗಬೇಕಾ ಮಾರಾಯ?” ಎಂದು ಜೊತೆಗೆ ಬಂದವನು ಗೊಣಗಿದರೆ ಅದರಲ್ಲಿ ನ್ಯಾಯವಿದೆ. ವಾರವಿಡೀ ಕಂಪ್ಯೂಟರ್ ಎದುರು, ಟ್ರಾಫಿಕ್ಕಿನ ನಡುವೆ ಕಳೆದವನಿಗೆ ಬೇಕಿರುವುದು ವಿಶ್ರಾಂತಿ. ಪಾಠ ಯಾರಿಗೂ ಬೇಕಿಲ್ಲ. ಆದರೆ ಸಾಮಾನ್ಯ ವಾರಾಂತ್ಯದ ಶನಿವಾರ ಗೋಕರ್ಣದ ಬೀಚುಗಳಲ್ಲಿ ವಿಶ್ರಾಂತಿ ಎಲ್ಲಿದೆ? ಡಿಸೆಂಬರಿನಲ್ಲಂತೂ ಓಂ ಬೀಚಿನ ಮೆಟ್ಟಿಲುಗಳಲ್ಲಿ ಇಳಿಯುವವರಿಗೆ ಹತ್ತುವವರು ದಾರಿ ಬಿಟ್ಟುಕೊಡಬೇಕು, ಸ್ಪೀಕರುಗಳು ಒಂದನ್ನೊಂದು ಮೀರಿಸುತ್ತಿರುತ್ತವೆ. ಅದೇ ಹೊತ್ತಿಗೆ ತದಡಿಯಿಂದ ಅಘನಾಶಿನಿ ಊರಿಗೆ ದಾಟಿಸುವ ದೋಣಿಯಲ್ಲಿ ಇರುವುದು ಸಂತೆಯ ಚೀಲ ಹಿಡಿದ ನಾಲ್ಕು ಜನ ಮತ್ತು ಅಗಲ ನೀರು. ಕಾಂಡ್ಲಾ ಗಿಡಗಳ ನೆರಳಿನಲ್ಲಿ ದಂಡೆಯ ಮೇಲೆ ಕೂತು ಇಳಿತ ನೋಡುವುದಕ್ಕಿಂತ ನೆಮ್ಮದಿಯ ಕೆಲಸ ಈ ಕರಾವಳಿಯಲ್ಲಿ ಬೇರೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಎರಡು ದಿನಕ್ಕೆ ಇಷ್ಟೆಲ್ಲ ಅರ್ಥವಾಗುತ್ತದೆಯೇ, ಮೇಲುಮೇಲಿನ ಕುತೂಹಲವಾಗಿ ಮುಗಿಯುವುದಿಲ್ಲವೇ ಎಂಬ ಪ್ರಶ್ನೆಯೂ ಇದೆ. ಪೂರ್ತಿ ಅರ್ಥವಾಗುವುದಿಲ್ಲ, ನಿಜ. ಹಾನೆಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಬದುಕು ಕಳೆದರೂ ಈ ಸೀಮೆಯನ್ನು ಬರೆದು ಮುಗಿಸಲಿಲ್ಲ. ಗೋಕರ್ಣದಲ್ಲೇ ಹುಟ್ಟಿ ಬೆಳೆದ ಜಯಂತ ಕಾಯ್ಕಿಣಿಯವರೂ ಈ ಊರಿಗೆ ಮತ್ತೆ ಮತ್ತೆ ಮರಳುತ್ತಾರೆ. ವಾರಾಂತ್ಯದ ಅತಿಥಿಗೆ ಅಷ್ಟು ದಕ್ಕುವ ಮಾತೇ ಇಲ್ಲ. ಆದರೂ ಸಮಯ ಕಡಿಮೆ ಇದ್ದಾಗಲೇ ಆಯ್ಕೆ ಮುಖ್ಯವಾಗುವುದು. ಒಬ್ಬನೇ ಹೋಗದೆ ಇಬ್ಬರಾಗಿ ಹೋಗುವುದರ ಲಾಭವೂ ಇಲ್ಲೇ. ಹತ್ತು ಜನರ ಗುಂಪು ಆಗರದ ಬದುವಿಗೆ ಬಂದರೆ ಅಲ್ಲಿಯ ಕೆಲಸ ನಿಲ್ಲುತ್ತದೆ, ಕೆಲಸಗಾರರು ನೋಡುವ ವಸ್ತುವಾಗಿಬಿಡುತ್ತಾರೆ. ಒಬ್ಬನೇ ಬಂದರೆ ಮಾತಾಡಿಸಲು ಹಿಂಜರಿಯುತ್ತಾನೆ. ಇಬ್ಬರಿದ್ದರೆ ಒಬ್ಬ ಮಾತಾಡುವಾಗ ಇನ್ನೊಬ್ಬ ನೋಡುತ್ತಾನೆ. ಮರಳಿ ಬರುವಾಗ ಒಬ್ಬನಿಗೆ ಕಂಡದ್ದನ್ನು ಇನ್ನೊಬ್ಬ ಅಲ್ಲ ಎನ್ನುತ್ತಾನೆ. ನೋಡಿದ್ದು ತಲೆಯಲ್ಲಿ ಉಳಿಯುವುದು ಆ ವಾದದಿಂದಲೇ. ಸ್ನೇಹಕ್ಕೂ ಅದು ಒಳ್ಳೆಯದು. ಒಂದೇ ಸೂರ್ಯಾಸ್ತವನ್ನು ಎರಡು ಮೊಬೈಲಿನಲ್ಲಿ ಹಿಡಿದುಕೊಂಡು ಬರುವ ಗೆಳೆಯರಿಗಿಂತ, ಕಗ್ಗಕ್ಕೆ ನಿಜಕ್ಕೂ ಗೊಬ್ಬರ ಬೇಡವೇ ಎಂದು ರಾತ್ರಿ ಬಸ್ಸಿನಲ್ಲಿ ಜಗಳಾಡುವವರಿಗೆ ಹಂಚಿಕೊಳ್ಳಲು ಹೆಚ್ಚು ಇರುತ್ತದೆ.

ಗೋಕರ್ಣ ಕ್ಷೇತ್ರ, ಅದನ್ನು ಬೀಚಿಗೂ ಹೊಳೆಗೂ ಇಳಿಸಬೇಡಿ ಎನ್ನುವವರೂ ಇದ್ದಾರೆ. ಕಾಳಿದಾಸನ ರಘುವಂಶದಲ್ಲೇ ದಕ್ಷಿಣ ಸಮುದ್ರದ ದಡದ ಗೋಕರ್ಣೇಶ್ವರನ ಉಲ್ಲೇಖವಿದೆ. ಊರಿನ ಹಿರಿತನ ಅಲ್ಲಗಳೆಯುವಂಥದ್ದಲ್ಲ. ಆದರೆ ಯಾತ್ರಿಕರ ಪದ್ಧತಿಯನ್ನೇ ಗಮನಿಸಿ. ಸಮುದ್ರಸ್ನಾನ, ಕೋಟಿತೀರ್ಥ, ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಹಲವು ನೀರುಗಳ ಊರು ಎಂದೇ ಅವರು ಅದನ್ನು ನಡೆದು ಅನುಭವಿಸಿದವರು. ಅಳಿವೆಗೆ ಹೋಗುವುದು ಆ ನಡಿಗೆಯ ಮುಂದುವರಿಕೆಯೇ ಹೊರತು ವಿರೋಧವಲ್ಲ.

ನನಗೆ ಭಾರವೆನಿಸುವ ಆಕ್ಷೇಪ ಬೇರೆ. ಪ್ರವಾಸಿಗರು ಕಾಲಿಟ್ಟಲ್ಲೆಲ್ಲ ಏನಾಯಿತು ಎಂಬುದಕ್ಕೆ ಬೀಚುಗಳೇ ಉದಾಹರಣೆ. ಈಗ ಅವರನ್ನು ಅಳಿವೆಗೂ ಕಳಿಸಿದರೆ ಅಲ್ಲೂ ಹೋಮ್‌ಸ್ಟೇ, ಕಯಾಕಿಂಗ್, ಪ್ಲಾಸ್ಟಿಕ್ಕು ಬರುವುದಿಲ್ಲವೇ? 1998ರಲ್ಲಿ ಕೊಂಕಣ ರೈಲು ಪೂರ್ಣಪ್ರಮಾಣದಲ್ಲಿ ಓಡತೊಡಗಿದ ಮೇಲೆ ಕುಡ್ಲೆ, ಓಂ ಎಷ್ಟು ಬದಲಾದವು ಎಂಬುದನ್ನು ಕಂಡವರು ಹೀಗೆ ಹೆದರುವುದು ಸಹಜ. ಈ ಅಪಾಯವನ್ನು ಮಾತಿನಿಂದ ತೇಲಿಸಲಾಗದು. ಆದರೂ ಅಳಿವೆಯನ್ನು ಈವರೆಗೆ ಕಾಪಾಡಿದ್ದು ಅದು ಯಾರಿಗೂ ಗೊತ್ತಿಲ್ಲ ಎಂಬ ಸಂಗತಿಯಲ್ಲ. ಸ್ಥಾವರದ, ಬಂದರಿನ ನಕ್ಷೆ ಬರೆದವರಿಗೆ ಆ ಜಾಗ ಚೆನ್ನಾಗಿಯೇ ಗೊತ್ತಿತ್ತು. ದಂಡೆಯವರು ಬದುಕಿಗಾಗಿ ಹಿಡಿದ ಹಟ ಅದನ್ನು ಕಾಪಾಡಿತು, ಆ ಹಟಕ್ಕೆ ಹೊರಗಿನವರ ಬೆಂಬಲ ಬೇಕು. ಆಗರ, ಗಜನಿಗಳಿಗೆ ಒಡೆಯರಿದ್ದಾರೆ; ಬೀಚಿನಂತೆ ಯಾರು ಬೇಕಾದರೂ ಚಾಪೆ ಹಾಸಬಹುದಾದ ಜಾಗ ಅವಲ್ಲ. ಆದ್ದರಿಂದ ಶಿಸ್ತು ಸುಲಭ: ವಸತಿ ಗೋಕರ್ಣದಲ್ಲೇ ಇರಲಿ, ಅಳಿವೆಯ ಅಂಚಿನಲ್ಲಿ ಕೋಣೆ ಹುಡುಕುವುದು ಬೇಡ. ಆಗರದ ಬದುವಿನ ಮೇಲೆ ಕೇಳದೆ ಕಾಲಿಡಬಾರದು, ಹಕ್ಕಿಗಳ ಮೇಲೆ ಡ್ರೋನ್ ಹಾರಿಸಬಾರದು, ಊರವರದೇ ದೋಣಿಗೆ ಅವರು ಹೇಳಿದ ಬಾಡಿಗೆ ಕೊಡಬೇಕು. ಮನೆಗೆ ಒಯ್ಯಲು ಏನಾದರೂ ಬೇಕಿದ್ದರೆ ಸಾಣಿಕಟ್ಟೆಯ ಉಪ್ಪಿದೆ, ಏಪ್ರಿಲ್–ಮೇ ಆದರೆ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಕುಮಟಾದ ಸಿಹಿ ಈರುಳ್ಳಿ ಇದೆ. ಬೀಚಿನ ಅಂಗಡಿಯವರ ಹೊಟ್ಟೆಗೆ ಇದರಿಂದ ಕಲ್ಲು ಬೀಳುವುದಿಲ್ಲ. ರಾತ್ರಿ ಊಟ, ಭಾನುವಾರ ಪೂರ್ತಿ ಅಲ್ಲೇ ಕಳೆಯುತ್ತದೆ.

ಭಾನುವಾರದ ಕಡಲಿಗೆ ಹೊರಡುವುದು ಬೆಳಗಿನ ತಂಪಿನಲ್ಲೇ ಒಳ್ಳೆಯದು. ಕುಡ್ಲೆಯಿಂದ ಗುಡ್ಡದ ದಾರಿ ಹಿಡಿದರೆ ಬಿಸಿಲೇರುವ ಮೊದಲೇ ಪ್ಯಾರಡೈಸ್ ಮುಟ್ಟಬಹುದು. ಕಾಲಡಿಯ ಕೆಂಪುಕಲ್ಲು, ಎಡಬದಿಯ ಗುಡ್ಡದಾಚೆಯ ಅಳಿವೆ ಈಗ ಗುರುತಿನವು. ಈ ತೀರದಲ್ಲಿ ಬಂಡೆಗಳ ಪಕ್ಕದ ಸೆಳೆತ ಬಲವಾದದ್ದು, ಜೀವರಕ್ಷಕರು ಬೇಡವೆಂದ ಕಡೆ ನೀರಿಗಿಳಿಯಲೇಬಾರದು. ಮಳೆಗಾಲದಲ್ಲಂತೂ ಈಜಿನ ಮಾತೇ ಬೇಡ. ಯಾವ ವಾರಾಂತ್ಯ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಉಪ್ಪು ಎಳೆಯುವುದನ್ನು ನೋಡಬೇಕಾದರೆ ಬೇಸಿಗೆ, ಕಗ್ಗದ ಹಸಿರಿಗೆ ಆಗಸ್ಟ್‌ನಿಂದ ಅಕ್ಟೋಬರ್, ಹಕ್ಕಿಗಳಿಗೂ ಕಡಲ ನಡಿಗೆಗೂ ಚಳಿಗಾಲ. ಟಿಕೆಟ್ ಕಾದಿರಿಸುವ ಮುನ್ನ ಮೊಬೈಲಿನಲ್ಲಿ ಉಬ್ಬರ–ಇಳಿತದ ವೇಳಾಪಟ್ಟಿ ನೋಡಿಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಜೋರು, ಮರಳದಿಬ್ಬ ಹೆಚ್ಚು ತೆರೆದುಕೊಳ್ಳುತ್ತದೆ. ಒಂದು ದಿನದ ಇಳಿತ ಮರುದಿನ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ. ಶನಿವಾರ ಎಂಟಕ್ಕೆ ಬಳಚಿನವರು ದಿಬ್ಬಕ್ಕೆ ಇಳಿದಿದ್ದರೆ ಭಾನುವಾರ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಓಂ ಬೀಚಿನ ಬಂಡೆಗಳ ಬುಡ ಬರಿದಾಗಿರುತ್ತದೆ.